ಸೈಲೆನ್ಸರ್ ಬಿಚ್ಚಿ ಜೋಡಿಸಿದ ಮೇಲೆ ಸ್ಕೂಟರಿನಲ್ಲಿ ಹೊಗೆ ಸೋರಿಕೆ: ಪತ್ತೆ ಮತ್ತು ದುರಸ್ತಿ

ಸ್ಕೂಟರಿನ ಹಿಂದಿನ ಟೈರ್ ಬದಲಿಸಿ, ಬ್ರೇಕ್ ಶೂ ಹಾಕಿ ಅಥವಾ ಹೆಡ್ (ಎಂಜಿನ್ ಸಿಲಿಂಡರಿನ ತಲೆಯ ಮುಚ್ಚಳ) ಬಿಚ್ಚಿ ಜೋಡಿಸಿ ಮುಗಿಸಿದ ಮೇಲೆ ಗಾಡಿ ಶುರು ಮಾಡಿದರೆ, ಅದುವರೆಗೆ ಇರದಿದ್ದ 'ಟಪಟಪ' ಎಂಬ ಸದ್ದು ಎಂಜಿನ್ನಿನ ಕೆಳಭಾಗದಿಂದ ಕೇಳಿಸುವುದುಂಟು. ಆ್ಯಕ್ಸಿಲರೇಟರ್ ತಿರುಗಿಸಿದಂತೆ ಸದ್ದು ದೊಡ್ಡದಾಗುತ್ತದೆ, ತಟ್ಟನೆ ಬಿಟ್ಟಾಗ ಸೈಲೆನ್ಸರಿನೊಳಗೆ ಸಣ್ಣ ಪಟಾಕಿ ಸಿಡಿದಂತಾಗುತ್ತದೆ, ನಿಂತ ಗಾಡಿಯ ಪಕ್ಕದಲ್ಲಿ ಹೊಗೆಯ ಘಾಟು ಮೂಗಿಗೆ ಬಡಿಯುತ್ತದೆ. ಈ ಮೂರೂ ಒಟ್ಟಿಗೆ ಕಂಡರೆ ಹೊಗೆಯು ಸೈಲೆನ್ಸರಿನ ಬಾಲದ ತುದಿಯವರೆಗೆ ಹೋಗದೆ ನಡುವೆ ಎಲ್ಲೋ ಸೋರುತ್ತಿದೆ ಎಂದು ಶಂಕಿಸಬೇಕು.

ಇಂತಹ ಸೋರಿಕೆ ಬೇರೆ ಕೆಲಸದ ಬೆನ್ನಿಗೇ ಬರುವುದಕ್ಕೆ ಕಾರಣವಿದೆ. ಬಹಳಷ್ಟು ಸ್ಕೂಟರುಗಳಲ್ಲಿ ಸೈಲೆನ್ಸರ್ ಹಿಂದಿನ ಚಕ್ರಕ್ಕೆ ಅಡ್ಡವಾಗಿ ಕೂತಿರುತ್ತದೆ. ಅದನ್ನು ಇಳಿಸದೆ ಚಕ್ರ ಹೊರಗೆ ಬರುವುದಿಲ್ಲ. ಹೀಗಾಗಿ ಸೈಲೆನ್ಸರನ್ನು ಕಳಚುವವರು ಅದರ ಸಲುವಾಗಿ ಕಳಚುವುದು ಕಡಿಮೆ. ಗಮನವೆಲ್ಲ ಟೈರಿನ ಮೇಲೆ ಅಥವಾ ಬ್ರೇಕಿನ ಮೇಲೆ ಇರುತ್ತದೆ. ಕೆಲಸ ಮುಗಿದ ಸಮಾಧಾನದಲ್ಲಿ ಪೈಪಿನ ಕೂಡಿನಲ್ಲಿ ಸಂದಿ ಮುಚ್ಚುವ ಹಳೆಯ ಪ್ಯಾಕಿಂಗನ್ನೇ ಇಟ್ಟು, ಕೈಗೆ ಮೊದಲು ಸಿಕ್ಕ ಬೋಲ್ಟನ್ನೇ ಮೊದಲು ಬಿಗಿದು ಎದ್ದುಬಿಡುತ್ತಾರೆ. ನನ್ನ ಅನುಭವದಲ್ಲಿ ಇಂತಹ ಸೋರಿಕೆಯ ಮೂಲ ಹೆಚ್ಚಿನ ಸಲ ಈ ಎರಡು ತಪ್ಪುಗಳಲ್ಲೇ ಸಿಕ್ಕಿದೆ. ಆದ್ದರಿಂದ ಸೈಲೆನ್ಸರ್ ತೂತಾಗಿದೆ, ಹೊಸದು ತರಬೇಕು ಅಥವಾ ಬೆಸುಗೆ ಹಾಕಿಸಬೇಕು ಎಂಬ ತೀರ್ಮಾನಕ್ಕೆ ಬರುವ ಮುನ್ನ, ಮೊನ್ನೆ ಯಾವ ಯಾವ ನಟ್ಟು ಬೋಲ್ಟುಗಳ ಮೇಲೆ ಸ್ಪ್ಯಾನರ್ ಆಡಿತು ಎಂಬುದನ್ನು ನೆನಪಿಸಿಕೊಂಡು ಅಲ್ಲಿಂದಲೇ ಹುಡುಕಾಟ ಶುರು ಮಾಡುವುದು ಒಳ್ಳೆಯದು.

ಸದ್ದು ನಿಜವಾಗಿ ಸೋರಿಕೆಯದೇ?

ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಒಂದು ಸಲ ಹೊಗೆ ಹೊರಬೀಳುತ್ತದೆ. ಐಡ್ಲಿಂಗಿನಲ್ಲಿ ನಿಮಿಷಕ್ಕೆ 1700 ಸುತ್ತು ಇದೆ ಎಂದುಕೊಂಡರೆ ಸೆಕೆಂಡಿಗೆ ಸುಮಾರು 14 ಸಲ ಹೊಗೆಯ ಒತ್ತಡ ಪೈಪಿಗೆ ನುಗ್ಗುತ್ತದೆ, ಸಂದಿಯಿದ್ದರೆ ಅಷ್ಟೇ ಸಲ ಅಲ್ಲಿಂದ ಚಿಮ್ಮುತ್ತದೆ. ತೊಡಕಿರುವುದು ಇಲ್ಲೇ: ವಾಲ್ವುಗಳೂ ಎರಡು ಸುತ್ತಿಗೆ ಒಂದೇ ಸಲ ತೆರೆಯುವುದರಿಂದ ವಾಲ್ವನ್ನು ಒತ್ತುವ ಟ್ಯಾಪೆಟ್ ಸಡಿಲವಾದಾಗಿನ ಸದ್ದಿಗೂ ಹೊಗೆ ಸೋರುವ ಸದ್ದಿಗೂ ಲಯ ಒಂದೇ ಆಗಿರುತ್ತದೆ. ಲಯ ಕೇಳಿ ಎರಡನ್ನೂ ಬೇರ್ಪಡಿಸಲು ಹೊರಟವರು ಟ್ಯಾಪೆಟ್ಟನ್ನು ಮತ್ತೆ ಮತ್ತೆ ಹೊಂದಿಸುತ್ತಾ ಕೂರುತ್ತಾರೆ.

ಬೇರ್ಪಡಿಸುವ ಗುಣ ಹೊರೆ. ಎಂಜಿನ್ನಿನ ಮೇಲೆ ಭಾರ ಬಿದ್ದಾಗ, ಅಂದರೆ ಏರು ಹತ್ತುವಾಗ ಅಥವಾ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೊರಟಾಗ, ಸೋರಿಕೆಯ ಸದ್ದು ಎದ್ದು ಕೇಳಿಸುತ್ತದೆ. ಟ್ಯಾಪೆಟ್ಟಿನ 'ಟಿಕಿಟಿಕಿ' ಎಂಜಿನ್ನಿನ ವೇಗದ ಜೊತೆ ಚುರುಕಾಗುತ್ತದೆಯೇ ಹೊರತು ಹೊರೆಗೆ ಅಷ್ಟಾಗಿ ಉಬ್ಬುವುದಿಲ್ಲ. ಇನ್ನೊಂದು ಸುಳಿವು ತಾಪಮಾನ. ಎಂಜಿನ್ ತಣ್ಣಗಿರುವಾಗ ಜೋರಾಗಿದ್ದು, ಐದಾರು ನಿಮಿಷದಲ್ಲಿ ಕಾದ ಮೇಲೆ ಸದ್ದು ತಗ್ಗಿದರೆ, ಲೋಹ ಹಿಗ್ಗಿ ಸಂದಿ ಕಿರಿದಾಯಿತೆಂದು ಊಹಿಸಬಹುದು. ಹಾಗೆ ತಗ್ಗಿದ್ದನ್ನು ತಾನಾಗಿ ವಾಸಿಯಾಯಿತೆಂದು ಬಿಡಬಾರದು, ಮರುದಿನ ಬೆಳಿಗ್ಗೆ ಅದು ಮತ್ತೆ ಹಾಜರಾಗುತ್ತದೆ.

ಸೋರಿಕೆಯ ವೇಷ ಹಾಕಿಕೊಂಡು ಬರುವ ಇನ್ನೊಂದು ದೋಷ ಸ್ಪಾರ್ಕ್ ಪ್ಲಗ್. ಕೆಲಸದ ನಡುವೆ ಪ್ಲಗ್ ಬಿಚ್ಚಿ ಕೈಬಿಗಿಯಲ್ಲೇ ಮರೆತಿದ್ದರೆ ಕಂಪ್ರೆಷನ್ ಅಲ್ಲಿಂದಲೇ 'ಚುಸ್ ಚುಸ್' ಎಂದು ತಪ್ಪಿಸಿಕೊಳ್ಳುತ್ತದೆ, ಪ್ಲಗ್ಗಿನ ಬುಡದ ಸುತ್ತ ಕಪ್ಪು ಎಣ್ಣೆಯ ಕಲೆ ಮೂಡುತ್ತದೆ. ಪ್ಲಗ್ ಸ್ಪ್ಯಾನರ್ ಹಾಕಿ ನೋಡಲು ಅರ್ಧ ನಿಮಿಷ ಸಾಕು. ಸೈಲೆನ್ಸರಿಗೆ ಕೈ ಹಾಕುವ ಮೊದಲು ಅದನ್ನು ಮುಗಿಸಿಬಿಡಬೇಕು. ಕೆಲವು ಸ್ಕೂಟರುಗಳಲ್ಲಿ ಏರ್ ಫಿಲ್ಟರಿನ ಕಡೆಯಿಂದ ಒಂದು ರಬ್ಬರ್ ಪೈಪ್ ರೀಡ್ ವಾಲ್ವಿನ (ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಕವಾಟ) ಮೂಲಕ ಹೆಡ್ಡಿಗೆ ಬಂದು, ಸುಡದೆ ಉಳಿದ ಇಂಧನ ಹೊಗೆಯಲ್ಲೇ ಉರಿದುಹೋಗಲೆಂದು ತಾಜಾ ಗಾಳಿ ಕೊಡುತ್ತದೆ. ಬಾಡಿ ಪ್ಯಾನೆಲ್ ಬಿಚ್ಚಿದಾಗ ಆ ಪೈಪ್ ಕಳಚಿಕೊಂಡು ಉಳಿದಿದ್ದರೂ ಇದೇ ತರಹದ ಪಟಪಟ ಸದ್ದು ಬರುತ್ತದೆ.

ಪತ್ತೆ ಹಚ್ಚುವ ಕ್ರಮ

ಮೊದಲಿಗೆ ಎಚ್ಚರಿಕೆಯ ಮಾತು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಜಾಗದಲ್ಲಿ ಅದು ಜೀವ ತೆಗೆಯಬಲ್ಲದು. ಬಾಗಿಲು ತೆರೆದಿಟ್ಟ ಶೆಡ್ಡಿನಲ್ಲೂ ಬೇಡ, ಎಂಜಿನ್ ಓಡಿಸಿ ನೋಡುವ ಪರೀಕ್ಷೆಗಳನ್ನೆಲ್ಲ ಬಯಲಿನಲ್ಲೇ ಮಾಡಬೇಕು. ತಲೆ ಭಾರವಾದರೆ ಅಥವಾ ನೋವು ಕಾಣಿಸಿದರೆ ತಕ್ಷಣ ಎಂಜಿನ್ ಆರಿಸಿ ದೂರ ಹೋಗಬೇಕು. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ರೇಸ್ ಮಾಡುವಾಗ ಹಿಂದಿನ ಚಕ್ರ ತಿರುಗುತ್ತದೆ ಎಂಬುದನ್ನು ಮರೆಯಬಾರದು. ಬ್ರೇಕ್ ಹಿಡಿದುಕೊಂಡು ಬಹಳ ಹೊತ್ತು ರೇಸ್ ಮಾಡಿದರೆ ಕ್ಲಚ್ ಶೂ ಕಾದು ಸುಡುತ್ತದೆ.

ಎಂಜಿನ್ ಪೂರ್ತಿ ತಣ್ಣಗಿರುವಾಗ ಟಾರ್ಚ್ ಹಿಡಿದು ನೋಡುವುದರಿಂದ ಆರಂಭಿಸಬೇಕು. ಈಗಿನ ಬಹುಪಾಲು ಸ್ಕೂಟರುಗಳಲ್ಲಿ ಸಿಲಿಂಡರ್ ಮಲಗಿದಂತಿದ್ದು, ಹೊಗೆಯ ಬಾಯಿ ನೆಲದ ಕಡೆಗೆ ಮುಖ ಮಾಡಿರುತ್ತದೆ. ಹಾಗಾಗಿ ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಮಲಗಿ ನೋಡದೆ ಆ ಜಾಗ ಕಾಣುವುದಿಲ್ಲ, ಕೈಗನ್ನಡಿಯೊಂದಿದ್ದರೆ ಅನುಕೂಲ. ಹೆಡ್ಡಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬೆಂಡ್ ಪೈಪಿನ ಫ್ಲ್ಯಾಂಜು, ಅಂದರೆ ನಟ್ಟು ಬಿಗಿಯುವ ತುದಿಯ ಪಟ್ಟಿ, ಹೆಡ್ಡಿಗೆ ಕೂಡುವ ಕಡೆ, ಅಲ್ಯೂಮಿನಿಯಮ್ಮಿನ ಮೇಲೆ, ಒಂದು ದಿಕ್ಕಿಗೆ ಬೀಸಿದಂತೆ ಮಸಿಯ ಗೆರೆ ಮೂಡಿದ್ದರೆ ಸೋರಿಕೆಯ ಬಾಯಿ ಆ ಗೆರೆಯ ಬುಡದಲ್ಲಿರುತ್ತದೆ. ಕೆಲಸ ಮಾಡಿ ಎರಡು ದಿನವೂ ಆಗಿರದಿದ್ದರೆ ಮಸಿ ಇನ್ನೂ ಮೂಡಿರಲಿಕ್ಕಿಲ್ಲ. ಆಗ ನೀರು ನೆರವಿಗೆ ಬರುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ತಣ್ಣನೆಯ ಪೈಪಿನಲ್ಲಿ ಅದು ಹನಿಗಟ್ಟುತ್ತದೆ. ಬೆಳಗಿನ ಮೊದಲ ಒಂದೆರಡು ನಿಮಿಷದಲ್ಲಿ ಸೈಲೆನ್ಸರಿನ ಬಾಲದಿಂದ ನೀರು ತೊಟ್ಟಿಕ್ಕುವುದು ಸಹಜ, ಆದರೆ ಫ್ಲ್ಯಾಂಜಿನ ಅಂಚಿನಲ್ಲಿ ಕಪ್ಪುಬೆರೆತ ಹನಿ ಕೂತಿದ್ದರೆ ಅದು ಸಹಜವಲ್ಲ. ಇಲ್ಲಿ ಒಂದು ವಿಷಯ ಗಮನದಲ್ಲಿರಲಿ: ಕೆಲವು ಸೈಲೆನ್ಸರುಗಳ ಹೊಟ್ಟೆಯ ಕೆಳಗೆ ನೀರು ಬಸಿಯಲೆಂದು ತಯಾರಕರೇ ಕೊರೆದ ಸಣ್ಣ ರಂಧ್ರವೊಂದಿರುತ್ತದೆ. ಅದರಿಂದ ಚೂರು ಹೊಗೆ ಬಂದರೆ ದೋಷವಲ್ಲ. ಅದನ್ನು ಬೆಸುಗೆ ಹಾಕಿ ಮುಚ್ಚಿದರೆ ನೀರು ಒಳಗೇ ನಿಂತು ತುಕ್ಕು ಹಿಡಿಯುತ್ತದೆ.

ಕಣ್ಣಿಗೆ ಕಾಣದಿದ್ದರೆ ಸೋಪಿನ ನೀರಿನ ಪರೀಕ್ಷೆ ಮಾಡಬೇಕು. ಎಂಜಿನ್ ಆರಿಸಿದ್ದು ತಣ್ಣಗಿರುವಾಗ, ಗಾಳಿ ಊದುವ ಬ್ಲೋವರ್ ಅಥವಾ ಊದುವ ಬಾಯಿಯುಳ್ಳ ವ್ಯಾಕ್ಯೂಮ್ ಕ್ಲೀನರಿನ ಪೈಪನ್ನು ಸೈಲೆನ್ಸರಿನ ಬಾಲಕ್ಕೆ ಬಟ್ಟೆ ಸುತ್ತಿ ಹೊಂದಿಸಿ, ಫ್ಲ್ಯಾಂಜು, ಆಮ್ಲಜನಕ ಸೆನ್ಸರಿನ (ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಸಾಧನ) ಬುಡ, ಬೆಸುಗೆಯ ಗೆರೆಗಳು, ಸೈಲೆನ್ಸರನ್ನು ಎಂಜಿನ್ನಿಗೆ ಹಿಡಿಸುವ ಬ್ರಾಕೆಟ್ ಅಂಟಿರುವ ಜಾಗ, ಇವೆಲ್ಲದರ ಮೇಲೆ ಬ್ರಷ್ಷಿನಿಂದ ಸೋಪಿನ ನೀರು ಹಚ್ಚಬೇಕು. ಸೋರುವ ಕಡೆ ನೊರೆ ಗುಳ್ಳೆಗಟ್ಟುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಂತಹ ಅತಿ ಒತ್ತಡದ ಗಾಳಿ ಇದಕ್ಕೆ ಬೇಡ. ನಾನು ಕಂಡಂತೆ ಈ ಒಂದು ಪರೀಕ್ಷೆ ಉಳಿದೆಲ್ಲ ಊಹೆಗಳ ಸಮಯ ಉಳಿಸುತ್ತದೆ, ಆದರೂ ಬಕೆಟ್ ಹಿಡಿದು ಕೂರುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಬ್ಲೋವರ್ ಇಲ್ಲದವರು ಎಂಜಿನ್ ಐಡ್ಲಿಂಗಿನಲ್ಲಿರುವಾಗ, ಕೈಗೆ ದಪ್ಪ ಗವಸು ಹಾಕಿಕೊಂಡು, ಒದ್ದೆ ಬಟ್ಟೆಯ ದಪ್ಪ ಮಡಿಕೆಯನ್ನು ಸೈಲೆನ್ಸರಿನ ಬಾಯಿಗೆ ಎರಡು ಮೂರು ಸೆಕೆಂಡು ಮಾತ್ರ ಒತ್ತಿ ಹಿಡಿಯಬಹುದು. ಕೂಡುಗಳೆಲ್ಲ ಭದ್ರವಾಗಿದ್ದರೆ ಒತ್ತಡ ಅಂಗೈಯನ್ನು ಹಿಂದಕ್ಕೆ ತಳ್ಳುತ್ತದೆ, ಎಂಜಿನ್ ಉಸಿರುಕಟ್ಟಿದಂತಾಗಿ ತಗ್ಗುತ್ತದೆ ಅಥವಾ ಆರುತ್ತದೆ. ಸೋರಿಕೆಯಿದ್ದರೆ ಎಂಜಿನ್ ಏನೂ ಆಗದಂತೆ ಓಡುತ್ತಲೇ ಇದ್ದು, 'ಸುಸ್' ಎಂಬ ಸದ್ದು ಸಂದಿಯ ಕಡೆ ಜೋರಾಗುತ್ತದೆ. ಆ ಸದ್ದಿನ ಜಾಗವನ್ನು ಬೆರಳಿಟ್ಟು ಹುಡುಕುವ ಸಾಹಸ ಬೇಡ. ಕಡ್ಡಿಯ ತುದಿಗೆ ಕಟ್ಟಿದ ಕಾಗದದ ಚೂರನ್ನು ಹತ್ತಿರ ಹಿಡಿದರೆ ಹೊಗೆಯ ಏಟಿಗೆ ಅದು ಪಟಪಟಿಸುತ್ತದೆ.

ಸೋರುವ ಸಂದಿಯಲ್ಲಿ ಏನಾಗುತ್ತದೆ

ಸೋರಿಕೆಯಿಂದ ಸದ್ದು ಮಾತ್ರ ಬರುವುದಾದರೆ ಯಾರೂ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಹೊಗೆಯ ಒಂದು ಅಲೆ ಮುಂದೆ ಸಾಗಿದ ಬೆನ್ನಿಗೇ ಪೈಪಿನೊಳಗಿನ ಒತ್ತಡ ಕ್ಷಣಕಾಲ ಹೊರಗಿನ ಗಾಳಿಗಿಂತ ಕೆಳಗಿಳಿಯುತ್ತದೆ, ಆಗ ಅದೇ ಸಂದಿ ಹೊರಗಿನ ಗಾಳಿಯನ್ನು ಒಳಕ್ಕೆ ಹೀರುತ್ತದೆ. ಆ್ಯಕ್ಸಿಲರೇಟರ್ ಬಿಟ್ಟಾಗ ಪೂರ್ತಿ ಸುಡದೆ ಬಂದ ಪೆಟ್ರೋಲಿನ ಆವಿ ಈ ಗಾಳಿಯೊಂದಿಗೆ ಬೆರೆತು ಕಾದ ಪೈಪಿನಲ್ಲಿ ಹೊತ್ತಿಕೊಳ್ಳುವುದೇ ಆ ಪಟಾಕಿ ಸದ್ದು. ಫ್ಯೂಯೆಲ್ ಇಂಜೆಕ್ಷನ್ ಇರುವ ಸ್ಕೂಟರುಗಳಲ್ಲಿ ಇನ್ನೊಂದು ಹಾನಿಯೂ ಇದೆ. ಹೀಗೆ ನುಸುಳಿದ ಗಾಳಿ ಆಮ್ಲಜನಕ ಸೆನ್ಸರಿನವರೆಗೆ ತಲುಪಿದರೆ, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿದೆಯೆಂದು ಎಂಜಿನ್ನನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಕಂಟ್ರೋಲ್ ಯೂನಿಟ್ ತಪ್ಪಾಗಿ ತಿಳಿದು ಹೆಚ್ಚು ಪೆಟ್ರೋಲ್ ಸುರಿಸುತ್ತದೆ. ಟೈರ್ ಬದಲಿಸಿದ ಮೇಲೆ ಮೈಲೇಜ್ ಬಿತ್ತು ಎಂದು ಟೈರನ್ನು ದೂರುವವರು ಈ ಫ್ಲ್ಯಾಂಜನ್ನೂ ಒಮ್ಮೆ ನೋಡಬೇಕು.

ಉಂಗುರ, ನಟ್ಟು ಮತ್ತು ಬಿಗಿಯುವ ಅನುಕ್ರಮ

ಫ್ಲ್ಯಾಂಜಿನ ಪ್ಯಾಕಿಂಗ್ ಒಂದು ಲೋಹದ ಉಂಗುರ. ಮೊದಲ ಸಲ ಬಿಗಿದಾಗ ಅದು ನಜ್ಜುಗುಜ್ಜಾಗಿ ಎರಡೂ ಮೈಗಳ ಏರುತಗ್ಗಿಗೆ ತಕ್ಕಂತೆ ಕೂರುತ್ತದೆ. ನಜ್ಜುವ ಗುಣ ಒಂದೇ ಸಲಕ್ಕೆ ಮೀಸಲು. ಬಿಚ್ಚಿ ಅದನ್ನೇ ಮತ್ತೆ ಇಟ್ಟರೆ ಹಳೆಯ ಅಚ್ಚು ಹೊಸ ಜೋಡಣೆಗೆ ಹೊಂದುವುದಿಲ್ಲ. ಸೈಲೆನ್ಸರ್ ಕಳಚಿದಾಗಲೆಲ್ಲ ಹೊಸ ಉಂಗುರ ಹಾಕಬೇಕು ಎಂಬ ನಿಯಮದಲ್ಲಿ ನಾನು ರಿಯಾಯಿತಿ ತೋರಿಸುವುದಿಲ್ಲ.

ಆದರೆ ಹೊಸ ಉಂಗುರ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಮ್ಮೆ ನಾನೇ ಹೊಸ ಉಂಗುರ ಹಾಕಿ ಮೂರು ಸಲ ಬಿಗಿದರೂ ಸೋರಿಕೆ ನಿಲ್ಲಲಿಲ್ಲ. ಫ್ಲ್ಯಾಂಜು ಹೆಡ್ಡಿನಿಂದ ಎಂದಿಗಿಂತ ದೂರ ನಿಂತಿತ್ತು, ನಟ್ಟಿನ ಆಚೆಗೆ ಸ್ಟಡ್ಡಿನ (ಹೆಡ್ಡಿನಲ್ಲಿ ನೆಟ್ಟ, ತಲೆಯಿಲ್ಲದ ಬೋಲ್ಟು) ತುದಿ ಕಾಣುತ್ತಲೇ ಇರಲಿಲ್ಲ. ಸೈಲೆನ್ಸರ್ ಮತ್ತೆ ಇಳಿಸಿ, ಹೆಡ್ಡಿನ ಬಾಯೊಳಗೆ ಮೊಳೆಯನ್ನು ಕೊಕ್ಕೆಯಂತೆ ಬಾಗಿಸಿ ಗೀರಿದಾಗ, ಹೆಡ್ಡಿನದೇ ಅಂಚು ಎಂದು ನಾನು ತಿಳಿದಿದ್ದ ಕಪ್ಪು ದಂಡೆ ಅಲುಗಾಡಿತು. ಇನ್ನೆರಡು ಸಲ ಎಳೆದಾಗ ಕಿಟ್ಟ ಉದುರಿ, ತುಂಡಾದ ಬಳೆಯಂತೆ ಹಳೆಯ ಉಂಗುರ ಈಚೆ ಬಂತು. ಎರಡು ಉಂಗುರ ಒಂದರ ಮೇಲೊಂದು ಕೂತಿದ್ದವು. ಮಸಿ ಹಿಡಿದ ಉಂಗುರಕ್ಕೂ ಹೆಡ್ಡಿಗೂ ಬಣ್ಣದಲ್ಲಿ ವ್ಯತ್ಯಾಸವೇ ಇರುವುದಿಲ್ಲ, ಆದ್ದರಿಂದ ಹಳೆಯದು ಕೈಗೆ ಬಂದು ಕಣ್ಣಿಗೆ ಬೀಳುವವರೆಗೂ ಅದು ಒಳಗೇ ಇದೆ ಎಂದೇ ಭಾವಿಸಬೇಕು. ತೆಗೆಯುವಾಗ ಹೆಡ್ಡಿನ ಅಲ್ಯೂಮಿನಿಯಂ ಮೈ ಗೀರಾಗದಂತೆ, ಉಂಗುರದ ಒಳ ಅಂಚಿಗೆ ಕೊಕ್ಕೆ ತಗುಲಿಸಿ ಸುತ್ತಲೂ ಸಮನಾಗಿ ಎಳೆಯಬೇಕು. ಕಿಟ್ಟದ ಚೂರುಗಳು ವಾಲ್ವಿನ ಕಡೆಗೆ ಜಾರದಂತೆ ಬಾಯಿ ಕೆಳಮುಖವಾಗಿಯೇ ಇರಲಿ.

ಜೋಡಿಸುವ ಮೊದಲು ಸ್ಟಡ್ಡುಗಳನ್ನು ಪರೀಕ್ಷಿಸಬೇಕು. ಬಿಚ್ಚುವಾಗ ನಟ್ಟಿನ ಜೊತೆಗೇ ಸ್ಟಡ್ ಕೂಡ ತಿರುಗಿ ಅರ್ಧ ಹೊರಬಂದಿರಬಹುದು. ಎರಡೂ ಸ್ಟಡ್ಡುಗಳು ಹೆಡ್ಡಿನಿಂದ ಒಂದೇ ಉದ್ದಕ್ಕೆ ಚಾಚಿಕೊಂಡಿವೆಯೇ ಎಂದು ಅಳೆದು ನೋಡಬೇಕು. ಟೊಪ್ಪಿಯಂತೆ ಮುಚ್ಚಿದ ನಟ್ಟುಗಳಿದ್ದರೆ ಈ ದೋಷ ಇನ್ನೂ ಮೋಸದ್ದು: ಹೊರಚಾಚಿದ ಸ್ಟಡ್ಡಿನ ತುದಿ ಟೊಪ್ಪಿಯ ತಳಕ್ಕೆ ತಾಕಿ ಸ್ಪ್ಯಾನರಿಗೆ ಬಿಗಿ ಸಿಕ್ಕಂತೆ ಅನಿಸುತ್ತದೆ, ಫ್ಲ್ಯಾಂಜಿನ ಮೇಲೆ ಮಾತ್ರ ಒತ್ತಡವೇ ಬಿದ್ದಿರುವುದಿಲ್ಲ. ಹೊರಬಂದ ಸ್ಟಡ್ಡಿಗೆ ಎರಡು ನಟ್ಟುಗಳನ್ನು ಒಂದಕ್ಕೊಂದು ಬಿಗಿದು, ಹೊರಗಿನ ನಟ್ಟನ್ನು ತಿರುಗಿಸಿ ಸ್ಟಡ್ಡನ್ನು ಒಳಗೆ ಕೂರಿಸಬಹುದು.

ಇನ್ನು ಅನುಕ್ರಮ. ಹೊಗೆಯ ಬಾಯಿ ಕೆಳಮುಖವಾಗಿರುವುದರಿಂದ ಹೊಸ ಉಂಗುರ ಜಾರಿ ಬೀಳುತ್ತದೆ. ಅದರ ಮೈಗೆ ಎರಡು ಕಡೆ ಚಿಟಿಕೆ ಗ್ರೀಸ್ ಹಚ್ಚಿ ಗುಂಡಿಯಲ್ಲಿ ಅಂಟಿಸಿದರೆ ನಿಲ್ಲುತ್ತದೆ. ಸೈಲೆನ್ಸರನ್ನು ಎತ್ತಿ ಹಿಡಿದು ಫ್ಲ್ಯಾಂಜಿನ ಎರಡು ನಟ್ಟುಗಳನ್ನು ಬೆರಳಿನಿಂದಲೇ ತಿರುಗಿಸಿ, ಹಿಂದಿನ ಬ್ರಾಕೆಟ್ಟಿನ ಬೋಲ್ಟುಗಳನ್ನೂ ಬೆರಳಿನಿಂದಲೇ ಹತ್ತಿಸಬೇಕು. ಸೈಲೆನ್ಸರಿನ ಇಡೀ ಭಾರ ಫ್ಲ್ಯಾಂಜಿನ ಮೇಲೆ ತೂಗಾಡಲು ಬಿಟ್ಟರೆ ಸ್ಟಡ್ ಬಾಗುತ್ತದೆ, ಆದ್ದರಿಂದ ಕೆಳಗೆ ಮರದ ತುಂಡೊಂದನ್ನು ಆಸರೆ ಕೊಡಬೇಕು. ಆಮೇಲೆ ಮೊದಲು ಬಿಗಿಯಬೇಕಾದದ್ದು ಫ್ಲ್ಯಾಂಜಿನ ನಟ್ಟುಗಳು: ಈ ಕಡೆ ಅರ್ಧ ಸುತ್ತು, ಆ ಕಡೆ ಅರ್ಧ ಸುತ್ತು, ಹೀಗೆ ಸರದಿಯ ಮೇಲೆ. ಫ್ಲ್ಯಾಂಜು ಕೂತ ಮೇಲಷ್ಟೇ ಬ್ರಾಕೆಟ್ಟಿನ ಬೋಲ್ಟುಗಳ ಸರದಿ. ಬ್ರಾಕೆಟ್ಟನ್ನು ಮೊದಲು ಬಿಗಿದರೆ ಪೈಪ್ ತನ್ನ ಜಾಗವನ್ನು ಅಲ್ಲೇ ಹಿಡಿದುಬಿಡುತ್ತದೆ. ಫ್ಲ್ಯಾಂಜು ಓರೆಯಾಗಿ ಎಳೆಸಿಕೊಂಡು ಉಂಗುರದ ಒಂದು ಬದಿ ಮಾತ್ರ ನಜ್ಜುತ್ತದೆ, ಇನ್ನೊಂದು ಬದಿಯಿಂದ ಹೊಗೆ ಹೊರಡುತ್ತದೆ. ನೋಡಲು ಎಲ್ಲವೂ ಭದ್ರವಾಗಿರುವ ಗಾಡಿ ಟಪಟಪ ಎನ್ನುವುದು ಹೀಗೆ.

ಬಿಗಿಯ ಅಳತೆಗೆ ಆಯಾ ಮಾದರಿಯ ಸರ್ವಿಸ್ ಕೈಪಿಡಿಯ ಅಂಕಿಯೇ ಪ್ರಮಾಣ. ಅದು ಕೈಗೆಟುಕದಿದ್ದಾಗ 6 ಮಿ.ಮೀ. ಸ್ಟಡ್ಡಿಗೆ ಸುಮಾರು 10 ನ್ಯೂಟನ್ ಮೀಟರ್, 8 ಮಿ.ಮೀ. ಸ್ಟಡ್ಡಿಗೆ ಸುಮಾರು 20 ನ್ಯೂಟನ್ ಮೀಟರ್ ಎಂದು ಇಟ್ಟುಕೊಂಡು, ಅದಕ್ಕಿಂತ ಮುಂದೆ ಹೋಗದಿರುವುದು ಲೇಸು. ಹೆಡ್ ಅಲ್ಯೂಮಿನಿಯಂ, ಸ್ಟಡ್ ಉಕ್ಕು. ಉದ್ದನೆಯ ಸ್ಪ್ಯಾನರ್ ಹಿಡಿದು ಬಲ ಹಾಕಿದರೆ ಸೋಲುವುದು ಹೆಡ್ಡಿನ ಥ್ರೆಡ್. ಬಿಗಿದಾದ ಮೇಲೆ ಫ್ಲ್ಯಾಂಜಿಗೂ ಹೆಡ್ಡಿಗೂ ನಡುವೆ ಉಳಿಯುವ ತೆಳುವಾದ ಸಂದಿಯನ್ನು ಎರಡೂ ಬದಿಯಲ್ಲಿ ಫೀಲರ್ ಗೇಜಿನಿಂದ (ಸಂದಿ ಅಳೆಯುವ ತೆಳು ಪಟ್ಟಿಗಳು) ನೋಡಬೇಕು. ಉಂಗುರ ಗುಂಡಿಯೊಳಗೆ ಕೂರುವ ಮಾದರಿಗಳಲ್ಲಿ ಈ ಸಂದಿ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಎರಡೂ ಕಡೆ ಸಮನಾಗಿರಬೇಕಷ್ಟೆ. ಸಂದಿಯೇ ಇಲ್ಲದೆ ಫ್ಲ್ಯಾಂಜು ಹೆಡ್ಡಿಗೆ ಪೂರ್ತಿ ಅಂಟಿದ್ದರೆ ಉಂಗುರ ಎಲ್ಲೋ ನೆಲದ ಮೇಲೆ ಬಿದ್ದಿರುವ ಸಾಧ್ಯತೆಯೇ ಹೆಚ್ಚು.

ಉಂಗುರದ ಬದಲು ಸಿಲಿಕೋನ್ ಪೇಸ್ಟ್ ಮೆತ್ತುವ ಅಭ್ಯಾಸ ಕೆಲವರಿಗಿದೆ. ಹೆಡ್ಡಿನ ಬಾಯಲ್ಲಿ ಹೊಗೆಯ ತಾಪ 500 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಅದು ಅಲ್ಲಿ ಬಾಳುವುದಿಲ್ಲ, ಅದರ ಆವಿ ಆಮ್ಲಜನಕ ಸೆನ್ಸರನ್ನೂ ಕೆಡಿಸುತ್ತದೆ. ಕಾಯಿಸಿದಾಗ ಗಟ್ಟಿಯಾಗುವ ಸೈಲೆನ್ಸರ್ ಪೇಸ್ಟ್ ಪೈಪಿನೊಳಗೆ ಪೈಪ್ ತೂರುವ ಕೂಡುಗಳಿಗೆ ಸರಿ, ಫ್ಲ್ಯಾಂಜಿಗೆ ಅಲ್ಲ.

ಹಳೆಯ ಎರಡು ಸ್ಟ್ರೋಕಿನ ಸ್ಕೂಟರುಗಳಲ್ಲಿ ಸೈಲೆನ್ಸರಿನ ಕೊರಳನ್ನು ಸಿಲಿಂಡರಿನ ಮೂತಿಗೆ ತೂರಿಸಿ ಕ್ಲ್ಯಾಂಪಿನಿಂದ ಬಿಗಿಯುವ ಏರ್ಪಾಡು ಇರುತ್ತದೆ. ಅಲ್ಲಿ ಸೋರಿಕೆಯ ಗುರುತು ಒಣ ಮಸಿಯಲ್ಲ, ಜಿನುಗುವ ಕಪ್ಪೆಣ್ಣೆ. ಕೊರಳು ಪೂರ್ತಿ ಒಳಗೆ ಹೋಗದೆ ಕ್ಲ್ಯಾಂಪ್ ಬಿಗಿದಿರುವುದೇ ಹೆಚ್ಚಾಗಿ ಕಾರಣವಾಗಿರುತ್ತದೆ.

ಇಷ್ಟಾದರೂ ನಿಲ್ಲದಿದ್ದರೆ

ಉಂಗುರ ಹೊಸದು, ಒಂದೇ ಇದೆ, ಫ್ಲ್ಯಾಂಜು ಸಮನಾಗಿ ಕೂತಿದೆ, ಆದರೂ ಸದ್ದು ಉಳಿದಿದೆ ಎಂದಾದರೆ ಗಮನವನ್ನು ಪೈಪಿನ ಕಡೆ ತಿರುಗಿಸಬೇಕು. ಫ್ಲ್ಯಾಂಜನ್ನು ಬಿಚ್ಚದೆ ಬ್ರಾಕೆಟ್ಟಿನ ಬೋಲ್ಟುಗಳನ್ನು ಸಡಿಲಿಸಿ ನೋಡಬೇಕು. ಬೋಲ್ಟು ತೆಗೆದೊಡನೆ ಬ್ರಾಕೆಟ್ ಕ್ರ್ಯಾಂಕ್‌ಕೇಸಿನ ಮೈಯಿಂದ ಚಿಮ್ಮಿ ದೂರ ಸರಿದರೆ, ಪೈಪ್ ಅಥವಾ ಬ್ರಾಕೆಟ್ ಬಾಗಿದೆ ಎಂದರ್ಥ. ಗಾಡಿ ಒಮ್ಮೆ ಬಲಕ್ಕೆ ಬಿದ್ದಿದ್ದರೂ ಹೀಗಾಗಬಹುದು. ಉಳಿಯುವ ಸಂದಿ ಒಂದೆರಡು ಮಿ.ಮೀ. ಇದ್ದರೆ ಅದೇ ದಪ್ಪದ ವಾಷರ್ ಕೊಟ್ಟು ತುಂಬಿಸಬಹುದು. ಬೋಲ್ಟಿನ ಬಲದಿಂದ ಎಳೆದು ಕೂರಿಸಿದರೆ ಆ ಬಿಗಿತವೆಲ್ಲ ಬೆಂಡ್ ಪೈಪಿನ ಬೆಸುಗೆಯ ಮೇಲೆ ಬಿದ್ದು, ಎಂಜಿನ್ನಿನ ನಡುಕಕ್ಕೆ ಕೆಲವು ತಿಂಗಳಲ್ಲೇ ಅಲ್ಲಿ ಬಿರುಕು ಮೂಡುತ್ತದೆ. ಬಿರುಕು ಆಗಲೇ ಮೂಡಿದ್ದರೆ ಸೈಲೆನ್ಸರನ್ನು ಗಾಡಿಯಿಂದ ಇಳಿಸಿಯೇ ಬೆಸುಗೆ ಹಾಕಿಸಬೇಕು. ಗಾಡಿಯಲ್ಲೇ ಇಟ್ಟು ಆರ್ಕ್ ವೆಲ್ಡಿಂಗ್ ಮಾಡಿಸಿದರೆ ಕಂಟ್ರೋಲ್ ಯೂನಿಟ್ ಸುಟ್ಟುಹೋಗುವ ಅಪಾಯವಿದೆ, ಪೆಟ್ರೋಲ್ ಟ್ಯಾಂಕಿನ ಸಮೀಪ ಕಿಡಿ ಹಾರುವುದಂತೂ ಹೇಳಬೇಕಾದದ್ದೇ ಇಲ್ಲ. ಹೆಡ್ಡಿನ ಥ್ರೆಡ್ಡೇ ಕಿತ್ತುಬಂದಿದ್ದರೆ ಹೆಲಿಕಾಯಿಲ್ (ಕೆಟ್ಟ ಥ್ರೆಡ್ಡಿನ ಜಾಗದಲ್ಲಿ ಕೂರಿಸುವ ತಂತಿಸುರುಳಿ) ಹಾಕಿಸುವುದು ಸರಿಯಾದ ದಾರಿ, ಸ್ಟಡ್ಡಿಗೆ ತಗಡು ಸುತ್ತಿ ಹೊಡೆದು ಕೂರಿಸುವುದು ಬೇಡ.

ದುರಸ್ತಿಯಾದ ಮೇಲೆ ಮೊದಲ ಸಲ ಶುರು ಮಾಡಿದಾಗ ಪೈಪಿನ ಮೇಲಿಂದ ಬೆಳ್ಳನೆಯ ಹೊಗೆ ಏಳುವುದನ್ನು ನೋಡಿ ಗಾಬರಿಯಾಗಬೇಕಿಲ್ಲ. ಉಂಗುರಕ್ಕೆ ಹಚ್ಚಿದ ಗ್ರೀಸ್ ಮತ್ತು ಕೈಯಿಂದ ಹತ್ತಿದ ಎಣ್ಣೆ ಸುಡುತ್ತಿರುತ್ತವೆ. ಹತ್ತು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಎಂಜಿನ್ ಚೆನ್ನಾಗಿ ಕಾದು, ಪೂರ್ತಿ ತಣ್ಣಗಾದ ಮೇಲೆ ಫ್ಲ್ಯಾಂಜಿನ ನಟ್ಟುಗಳಿಗೆ ಅದೇ ಅಳತೆಯಲ್ಲಿ ಮತ್ತೊಮ್ಮೆ ಸ್ಪ್ಯಾನರ್ ಹಾಕಬೇಕು, ಏಕೆಂದರೆ ಉಂಗುರ ಮೊದಲ ಕಾವಿಗೆ ಇನ್ನೊಂದಿಷ್ಟು ನಜ್ಜಿರುತ್ತದೆ. ಆ ಹೊತ್ತಿನಲ್ಲೇ ಫ್ಲ್ಯಾಂಜಿನ ಸುತ್ತಲಿನ ಹಳೆಯ ಮಸಿಯನ್ನು ಬಟ್ಟೆಯಿಂದ ಒರೆಸಿ ಲೋಹದ ಬಣ್ಣ ಕಾಣುವಂತೆ ಮಾಡಿಟ್ಟು, ವಾರ ಓಡಿಸಿದ ಮೇಲೆ ಟಾರ್ಚ್ ಹಿಡಿದು ಮತ್ತೆ ಮಲಗಿ ನೋಡಬೇಕು. ಒರೆಸಿದ ಜಾಗದಲ್ಲಿ ಹೊಸ ಕಪ್ಪುಗೆರೆ ಇಲ್ಲದಿದ್ದರೆ ಅಲ್ಲಿನ ಸೋರಿಕೆ ನಿಂತಿದೆ.